ಹೊತ್ತು ಮುಳುಗೋ ಮುಂಚೆ ಕೂಲಿ

ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರು ಚರ್ಚಿನ ಭಾನುವಾರ ಸಭೆಯಲ್ಲಿ ಕೂಲಿ ಬಾಕಿಗಾಗಿ ಪ್ರಾರ್ಥನೆ ಕೇಳುವುದು ಹೊಸದಲ್ಲ. ಮುಕಾದಮ, ಅಂದರೆ ಆಳುಗಳ ಮೇಸ್ತ್ರಿ, ವಾರವಾರ ಖರ್ಚಿ (ಕೂಲಿಯಲ್ಲಿ ಮುರಿದುಕೊಳ್ಳುವ ಕೈಖರ್ಚಿನ ಹಣ) ಕೊಡುತ್ತಾನೆ. ಉಳಿದ ಹಿಸಾಬು ಸ್ಲ್ಯಾಬ್ ಮುಗಿದ ಮೇಲೆ ಅನ್ನುತ್ತಾನೆ. ಸ್ಲ್ಯಾಬ್ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಸಭೆಯ ಹಿರಿಯರು ಹೇಳುವುದು: ಬಿಟ್ಟುಬಿಡಪ್ಪ, ಇನ್ನೊಂದು ಕೆನ್ನೆ ಕೊಡು ಅಂತ ಬೈಬಲಿನಲ್ಲಿ ಬರೆದಿದೆಯಲ್ಲ.

ಬರೆದಿದೆ, ನಿಜ. ಆದರೆ ಮಹಾಯಾಜಕನ ಮುಂದೆ ಕಾವಲಿನವನು ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ನಾನು ಆಡಿದ್ದು ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ಕೇಳಿದರು (ಯೋಹಾನ 18:23). ವಿಚಾರಣೆಯಿಲ್ಲದೆ ಏಟು ತಿಂದ ಪೌಲನನ್ನು ಫಿಲಿಪ್ಪಿಯಲ್ಲಿ ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದರೆ ಅವನು ಜೈಲಿನಿಂದ ಹೊರಡಲೇ ಇಲ್ಲ, ಅಧಿಕಾರಿಗಳೇ ಬರಲಿ ಅಂದ. ಕೈ ಎತ್ತಲಿಲ್ಲ, ಬಾಯಿ ಮುಚ್ಚಲೂ ಇಲ್ಲ. ಕಾರ್ಕಳ ಸೀಮೆಯಲ್ಲಿ ಹುಟ್ಟಿದ ಕ್ರೈಸ್ತ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರು 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಪತ್ರಿಕೆಗೆ ಬರೆದರು. ಆಳುವವರೂ ಕ್ರೈಸ್ತರೇ ಅನ್ನುವುದು ಅವರನ್ನು ತಡೆಯಲಿಲ್ಲ.

ಬಡವನ ಕೂಲಿ ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ (24:15). 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ದಿನಗೂಲಿಯನ್ನು ಪಾಳಿ ಮುಗಿದಾಗಲೇ ಕೊಡಬೇಕು ಅನ್ನುತ್ತದೆ. ಕೆಲಸ ಬಿಟ್ಟರೆ ಅಥವಾ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಎಲ್ಲಾ ಬಾಕಿ. ಕೂಲಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊರೆಯೂ ಮಾಲೀಕನದೇ.

ಅದಕ್ಕೇ ಎದುರಿನವರು ಬೇರೆ ದಾರಿ ಹಿಡಿಯುತ್ತಾರೆ: ಇವನು ನಮ್ಮ ಸೈಟಿನಲ್ಲಿ ಇರಲೇ ಇಲ್ಲ ಅನ್ನುತ್ತಾರೆ. ಹಾಗಾಗಿ ಮೊದಲು ಬೇಕಾದ್ದು ಹಾಜರಿಯ ಪುರಾವೆ. ಹಾಜರಿ ಡೈರಿಯ ಪುಟದ ಫೋಟೊ, ಸೈಟಿನಲ್ಲಿ ಹೆಲ್ಮೆಟ್ ಹಾಕಿ ನಿಂತ ಫೋಟೊ, ಖರ್ಚಿ ಬಂದ ಫೋನ್‌ಪೇ ನಮೂದು. ಮುಕಾದಮನಿಗೆ ವಾಟ್ಸಾಪಿನಲ್ಲಿ ಮೊತ್ತ ಬರೆದೇ ಕೇಳಿ. 'ಸೋಮವಾರ ಕೊಡ್ತೀನಿ' ಅಂತ ಅವನು ಉತ್ತರ ಕೊಟ್ಟರೆ ಅದೇ ಒಪ್ಪಿಗೆ.

ಹಿಸಾಬು ಪ್ರಾಮಾಣಿಕವಾಗಿರಲಿ. 26 ಹಾಜರಿಗೆ 700ರಂತೆ 18,200. ನಾಲ್ಕು ವಾರದ ಖರ್ಚಿ 6,000 ಕಳೆದರೆ 12,200. ಖರ್ಚಿ ಮುಚ್ಚಿಟ್ಟು ಪೂರ್ತಿ ಕೇಳಿದವರ ನಿಜವಾದ ಬಾಕಿಯನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ಅರ್ಜಿ ಹೆಚ್ಚಾಗಿ ಕೆಡುವುದು ಹೆಸರಿನಲ್ಲಿ. 'ರಾಜು ಮುಕಾದಮ' ಅಂತಷ್ಟೇ ಬರೆದರೆ ನೋಟಿಸು ಯಾರಿಗೂ ತಲುಪದೆ ವಾಪಸ್ ಬರುತ್ತದೆ. ಸೈಟಿನ ಬೋರ್ಡಿನಲ್ಲಿ ಮಹಾರೇರಾ (ಮಹಾರಾಷ್ಟ್ರದಲ್ಲಿ ಕಟ್ಟಡ ಯೋಜನೆಗಳನ್ನು ನೋಂದಾಯಿಸುವ ಪ್ರಾಧಿಕಾರ) ನಂಬರ್ ಇದ್ದರೆ ಬರೆದುಕೊಳ್ಳಿ. ಮಹಾರೇರಾ ತಾಣದಲ್ಲಿ ಅದನ್ನು ಹಾಕಿದರೆ ಬಿಲ್ಡರ್ ಕಂಪನಿಯ ಹೆಸರು, ವಿಳಾಸ ಸಿಗುತ್ತದೆ. ಅರ್ಜಿಯಲ್ಲಿ ಗುತ್ತಿಗೆದಾರನ ಜತೆ ಕಂಪನಿಯನ್ನೂ ಸೇರಿಸಿ. ಅರ್ಜಿ ಹೋಗಬೇಕಾದ್ದು ಕಾಮಗಾರ್ ಆಯುಕ್ತರ, ಅಂದರೆ ಕಾರ್ಮಿಕ ಆಯುಕ್ತರ ಕಚೇರಿಗೆ. ಮರಾಠಿಯಲ್ಲಿದ್ದರೆ ಕೆಲಸ ಸಲೀಸು. ನಿಮ್ಮ ಪ್ರತಿಯ ಮೇಲೆ ಆವಕ್ ಸಿಕ್ಕಾ (ಅರ್ಜಿ ಸ್ವೀಕರಿಸಿದ ಮೊಹರು) ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಕೇಳಲು ಮೂರು ವರ್ಷದ ಅವಧಿ ಇದೆ, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರಕ್ಕೂ ಅವಕಾಶವಿದೆ.

ಬಾಕಿಗೆ ಬದಲಾಗಿ ಸಿಮೆಂಟು, ಡ್ರಿಲ್ ಮಷಿನ್ ಎತ್ತಿಕೊಂಡು ಬರುವುದು ಮಾತ್ರ ಬೇಡ. ಕೂಲಿ ಕೇಸು ಅಲ್ಲಿಗೇ ಕಳ್ಳತನದ ಕೇಸಾಗುತ್ತದೆ. ಜಾತ್ರೆಗೆಂದು ಊರಿಗೆ ಹೋಗಿ ವಿಚಾರಣೆಯ ತಾರೀಖು ತಪ್ಪಿಸುವುದೂ ಅಷ್ಟೇ ನಷ್ಟ.

ಕ್ಷಮೆಯ ಮಾತೆತ್ತುವ ಹಿರಿಯರು ಬೈಬಲಿನ ಸುಂಕದವ ಜಕ್ಕಾಯನನ್ನೂ ನೆನೆಯಲಿ. ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದವನು ಅವನು. ಪಾಸ್ಟರ್ ಮಾಡಬಹುದಾದ ದೊಡ್ಡ ಉಪಕಾರ ತಾರೀಖಿನ ದಿನ ಜತೆಗೆ ಹೋಗಿ ಕೂರುವುದು. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ರಾಜಿಗೆ ಕರೆದರೆ ಹಣ ಖಾತೆಗೆ ಬಿದ್ದ ಮೆಸೇಜ್ ನೋಡಿದ ಮೇಲೆಯೇ ಸಹಿ. ಖಾಲಿ ಕಾಗದಕ್ಕಂತೂ ಹೆಬ್ಬೆಟ್ಟು ಒತ್ತಲೇಬೇಡಿ.