ಸ್ಟೆಂಟ್ ಹಾಕಿಸಿಕೊಂಡವರೆಲ್ಲ ಕೇಳುವ ಆ ಟೆಸ್ಟ್

"ಕ್ಲೋಪಿಡೊಗ್ರೆಲ್ ತಗೊಳ್ತಿದ್ದೇನೆ. ಅದು ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟ್ ಮಾಡಿಸಲಾ?"

ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಕೊಳವೆ ಸ್ಟೆಂಟ್. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ, ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದ ಹಾಗೆ ತಡೆಯುವ ಮಾತ್ರೆ ಕ್ಲೋಪಿಡೊಗ್ರೆಲ್. ಮುಂಬೈನ ಲ್ಯಾಬೊಂದರಲ್ಲಿ ಇದೇ ಟೆಸ್ಟ್ ಮಾಡುವವಳು ನಾನು. ಉತ್ತರ: ಹೆಚ್ಚಿನವರಿಗೆ ಬೇಡ.

ಕಾರಣ ಕೇಳದೆ ಬಿಡುವುದಿಲ್ಲ ಅಂತ ಗೊತ್ತು. ಈ ಮಾತ್ರೆ ಲಿವರ್‌ನಲ್ಲಿ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ. ನಮ್ಮಲ್ಲಿ ಸಾಕಷ್ಟು ಜನರಿಗೆ ಅದನ್ನು ಬದಲಿಸುವ ಎಂಜೈಮ್ ಹುಟ್ಟಿನಿಂದಲೇ ಮಂದ. ಅಂಥವರಲ್ಲಿ ಪ್ಲೇಟ್‌ಲೆಟ್‌ಗಳು ಇನ್ನೂ ಅಂಟಿಕೊಳ್ಳುತ್ತಿದ್ದರೆ ಟೆಸ್ಟ್ ತೋರಿಸುತ್ತದೆ. ಸರಿ, ಆಮೇಲೆ? 2011ರ ಗ್ರಾವಿಟಾಸ್ ಅಧ್ಯಯನದಲ್ಲಿ ಡೋಸ್ ಡಬಲ್ ಮಾಡಿ ನೋಡಿದರು, ಲಾಭ ಕಾಣಲಿಲ್ಲ. 2012ರಲ್ಲಿ ಫ್ರಾನ್ಸಿನ ಆರ್ಕ್ಟಿಕ್ ಅಧ್ಯಯನ 2,440 ಜನರನ್ನು ತೆಗೆದುಕೊಂಡಿತು. ಟೆಸ್ಟ್ ನೋಡಿ ಔಷಧಿ ಬದಲಿಸಿದವರಿಗೆ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ.

ಸ್ಯಾಂಪಲ್‌ನ ಕಥೆ ಬೇರೆ. ಪ್ಲೇಟ್‌ಲೆಟ್‌ಗಳು ಎಷ್ಟು ಅಂಟಿಕೊಳ್ಳುತ್ತವೆ ಅಂತ ಅಳೆಯುವ ಈ ಅಗ್ರಿಗೋಮೆಟ್ರಿ ಟೆಸ್ಟಿಗೆ ರಕ್ತ ತೆಗೆದ 4 ಗಂಟೆಯೊಳಗೆ ಕೆಲಸ ಮುಗಿಯಬೇಕು, ತಣ್ಣಗೆ ಇಡುವಂತಿಲ್ಲ. ಡೊಂಬಿವಲಿಯಿಂದ ಐಸ್ ಡಬ್ಬದಲ್ಲಿ, ಲೋಕಲ್‌ನ ನೂಕುನುಗ್ಗಲಲ್ಲಿ ಬಂದ ಟ್ಯೂಬನ್ನು ನಾನು ವಾಪಸ್ ಕಳಿಸಿದರೆ ಬೈಗುಳವೂ ನನಗೇ.

ಹಾಗಂತ ಟೆಸ್ಟ್ ದಂಡ ಅನ್ನಬೇಡಿ. ನನ್ನ ಹೊಟ್ಟೆಪಾಡು ಅದು. ಮಗುವಿಗೆ ಪದೇ ಪದೇ ಮೂಗಿನಿಂದ, ಒಸಡಿನಿಂದ ರಕ್ತ, ಪ್ಲೇಟ್‌ಲೆಟ್ ಕೌಂಟ್ ಮಾತ್ರ ನಾರ್ಮಲ್. ಅಲ್ಲಿ ಗ್ಲಾನ್ಜ್‌ಮನ್ ಥ್ರಾಂಬಸ್ತೀನಿಯಾದಂಥ, ಪ್ಲೇಟ್‌ಲೆಟ್‌ಗಳು ಹುಟ್ಟಿನಿಂದಲೇ ಸರಿಯಾಗಿ ಅಂಟಿಕೊಳ್ಳದ ಕಾಯಿಲೆ ಪತ್ತೆಹಚ್ಚಲು ಇದು ಬೇಕೇ ಬೇಕು. ಈ ಮಾತ್ರೆ ತಗೊಂಡವರಿಗೆ ಬೈಪಾಸ್ ಯಾವಾಗ ಮಾಡಬಹುದು ಅನ್ನುವುದಕ್ಕೂ ಕೆಲವೊಮ್ಮೆ ನೆರವಾಗುತ್ತದೆ.

ಆದರೆ ಇವರು ಯಾರೂ ಕೇಳುವುದಿಲ್ಲ. ಕೇಳುವವರು ಹೋಟೆಲ್ ಇಟ್ಟಿರುವ ನಮ್ಮ ಮಾವನಂಥವರು. ಮಾಟುಂಗದ ಮದುವೆ ಊಟದಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಫೋನಿನಲ್ಲಿ ರಿಪೋರ್ಟ್ ತೋರಿಸಿದರು.

"ಎಂತ ಮಾರಾಯ್ತಿ, ಮಾತ್ರೆ ತಗೊಂಡ್ರೂ ಪ್ಲೇಟ್‌ಲೆಟ್ 2.4 ಲಕ್ಷ ಉಂಟಲ್ಲ?"

"ಅದು ಎಣಿಕೆ ಮಾವ. ಮಾತ್ರೆ ಅವನ್ನು ಕಡಿಮೆ ಮಾಡಲ್ಲ, ಅಂಟಿಕೊಳ್ಳದ ಹಾಗೆ ತಡೆಯುತ್ತೆ."

"ಹಾಗಾದ್ರೆ ಅದನ್ನೂ ಮಾಡಿಸುವ. ದುಡ್ಡಿನ ಚಿಂತೆ ಬೇಡ."

ದಿನಾ ತಪ್ಪದೆ ತಗೊಳ್ತೀರಾ ಅಂತ ಕೇಳಿದೆ.

"ಏಕಾದಶಿಗೆ ಬಿಡ್ತೇನೆ. ಖಾಲಿ ಹೊಟ್ಟೆ ಅಲ್ವಾ? ಹಲ್ಲು ಕೀಳಿಸುವಾಗ ಒಂದು ವಾರ ಬಿಟ್ಟಿದ್ದೆ."

ಡಾಕ್ಟರಿಗೆ ಹೇಳಿದ್ರಾ? ಇಲ್ಲ. ಸ್ಟೆಂಟ್ ಹಾಕಿ ಆರು ತಿಂಗಳೂ ಆಗಿರಲಿಲ್ಲ. ಅದರಲ್ಲಿ ರಕ್ತ ಹೆಪ್ಪುಗಟ್ಟಲು ಮುಖ್ಯ ಕಾರಣಗಳಲ್ಲಿ ಒಂದು ಹೀಗೆ ಮಧ್ಯದಲ್ಲೇ ಮಾತ್ರೆ ಬಿಡುವುದು. ಖಾಲಿ ಹೊಟ್ಟೆಗೂ ಇದನ್ನು ತಗೊಳ್ಳಬಹುದು. "ಬಿಡಬಹುದಾ?" ಅಂತ ಮೊದಲೇ ಕೇಳಿದ್ದರೆ ಪುಕ್ಕಟೆ ಉತ್ತರ ಸಿಗುತ್ತಿತ್ತು: ಹಾರ್ಟ್ ಡಾಕ್ಟರನ್ನು ಕೇಳದೆ ಬೇಡ. ನುಂಗದ ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ಯಾವ ಮಷೀನಿನಲ್ಲಿ ನೋಡಲಿ ಮಾವ?