ರಿಟರ್ನ್ ಲೋಡ್ ಮತ್ತು ಕ್ಲೌಡ್ ಪರೀಕ್ಷೆ

ದಾವಣಗೆರೆಯ ಟ್ರಾನ್ಸ್‌ಪೋರ್ಟ್ ಕಚೇರಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನಾನು ಬಿ.ಕಾಂ. ಮುಗಿಸಿದ ಮೇಲೆ ಯಾವ ಪರೀಕ್ಷೆಗೂ ಕುಳಿತವನಲ್ಲ. ಕಳೆದ ತಿಂಗಳು, ಇಂಟರ್ನೆಟ್ ಮೂಲಕ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವ (ಇದಕ್ಕೇ ‘ಕ್ಲೌಡ್’ ಎನ್ನುವುದು) ಅಮೆಜಾನ್ ವೆಬ್ ಸರ್ವೀಸಸ್ ಕಂಪನಿಯ ‘ಕ್ಲೌಡ್ ಪ್ರಾಕ್ಟೀಷನರ್’ ಪರೀಕ್ಷೆಯಲ್ಲಿ ತೇರ್ಗಡೆಯಾದೆ. 1000ಕ್ಕೆ 700 ಬೇಕಿತ್ತು, 741 ಬಂತು. ನಮ್ಮ ಕಚೇರಿಯ ಲೆಕ್ಕದ ಸಾಫ್ಟ್‌ವೇರ್ ಕ್ಲೌಡ್‌ಗೆ ಹೋದಂದಿನಿಂದ ತಿಂಗಳು ತಿಂಗಳೂ ಬರುವ ಬಿಲ್ಲಿಗೆ ವೋಚರ್ ಬರೆಯುತ್ತಿದ್ದೆನೇ ಹೊರತು ಅದರ ಒಂದು ಸಾಲೂ ನನಗೆ ಅರ್ಥವಾಗುತ್ತಿರಲಿಲ್ಲ. ಪರೀಕ್ಷೆಯ ಹುಚ್ಚು ಹಿಡಿದದ್ದು ಅಲ್ಲಿಂದ.

90 ನಿಮಿಷದಲ್ಲಿ 65 ಪ್ರಶ್ನೆ. ಅವುಗಳಲ್ಲಿ 15ಕ್ಕೆ ಅಂಕವಿಲ್ಲ, ಆದರೆ ಆ ಹದಿನೈದು ಯಾವುವೆಂದು ನಮಗೆ ತಿಳಿಸುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಶುಲ್ಕ 100 ಡಾಲರ್; ತೆರಿಗೆ ಬೇರೆ.

ಪಠ್ಯದಲ್ಲಿ ಬೆಲೆ ಮತ್ತು ಬಿಲ್ಲಿಂಗ್‌ಗೆ ಇರುವುದು ಶೇ 12 ಮಾತ್ರ, ಆದರೆ ನಾನು ಒಳಹೊಕ್ಕದ್ದು ಆ ಕಿರುಬಾಗಿಲಿನಿಂದಲೇ. ಬೇಕಾದಾಗ ಸರ್ವರ್, ಅಂದರೆ ಅವರ ಕಂಪ್ಯೂಟರ್, ಪಡೆದು ಬಳಸಿದಷ್ಟಕ್ಕೆ ಹಣ ಕೊಡುವುದು ‘ಆನ್ ಡಿಮಾಂಡ್’, ಅಂದರೆ ದಿನದ ಬಾಡಿಗೆಯ ಗಾಡಿ. ಒಂದು ಅಥವಾ ಮೂರು ವರ್ಷಕ್ಕೆ ಮಾತು ಕೊಟ್ಟರೆ ಶೇ 72ರವರೆಗೆ ರಿಯಾಯಿತಿ ಸಿಗುವ ‘ರಿಸರ್ವ್ಡ್’ ನಮ್ಮ ವಾರ್ಷಿಕ ಕರಾರು. ‘ಸ್ಪಾಟ್’ ಎಂಬುದು ಮಾತ್ರ ವಾರಗಟ್ಟಲೆ ತಲೆಗೆ ಹತ್ತಲಿಲ್ಲ. ಒಂದು ಸಂಜೆ, ನಾಮಕ್ಕಲ್‌ನಲ್ಲಿ ಮೆಕ್ಕೆಜೋಳ ಇಳಿಸಿದ ಲಾರಿ ಖಾಲಿ ಬರುವ ಬದಲು ಡೀಸೆಲ್ ಖರ್ಚು ಹುಟ್ಟಿದರೆ ಸಾಕೆಂದು ಅಗ್ಗದ ದರಕ್ಕೆ ಮಾಲು ಹೇರಿಸಿಕೊಂಡ ಸುದ್ದಿಯನ್ನು ಚಾಲಕ ಫೋನಿನಲ್ಲಿ ಹೇಳುತ್ತಿದ್ದಾಗ ಥಟ್ಟನೆ ಹೊಳೆಯಿತು: ಸ್ಪಾಟ್ ಎಂದರೆ ರಿಟರ್ನ್ ಲೋಡ್! ಕ್ಲೌಡ್ ಕಂಪನಿಯವರು ಖಾಲಿ ಬಿದ್ದಿರುವ ಸರ್ವರ್ ಸಾಮರ್ಥ್ಯವನ್ನು ಶೇ 90ರವರೆಗೆ ಕಡಿಮೆ ದರಕ್ಕೆ ಕೊಡುತ್ತಾರೆ. ವ್ಯತ್ಯಾಸವಿಷ್ಟೆ, ನಮ್ಮ ಲಾರಿ ನಡುದಾರಿಯಲ್ಲಿ ಮಾಲು ಇಳಿಸುವುದಿಲ್ಲ; ಅಲ್ಲಿ ಎರಡು ನಿಮಿಷದ ಸೂಚನೆ ಕೊಟ್ಟು ಸರ್ವರ್ ಹಿಂದಕ್ಕೆ ಪಡೆಯಬಹುದು.

ಪಠ್ಯದಲ್ಲಿ ಭದ್ರತೆಗೆ ಶೇ 30. ಕಟ್ಟಡ, ಯಂತ್ರ, ಜಾಲಗಳ ಕಾವಲು ಕಂಪನಿಯದು. ಯಾರಿಗೆ ಯಾವ ಪ್ರವೇಶ ಎಂಬುದು ಬಳಕೆದಾರರ ಹೊಣೆ. ಇದನ್ನು ಓದಿದ ಮರುದಿನವೇ, ನಮ್ಮ ಮಾನಿಟರ್‌ಗೆ ಅಂಟಿಸಿದ್ದ, ಮೂವರು ಗುಮಾಸ್ತರಿಗೂ ಒಂದೇ ಪಾಸ್‌ವರ್ಡ್ ಬರೆದಿದ್ದ ಹಳದಿ ಚೀಟಿಯನ್ನು ಕಿತ್ತು ಹಾಕಿ, ಪಾಸ್‌ವರ್ಡ್‌ಗಳನ್ನೂ ಬೇರೆ ಬೇರೆ ಮಾಡಿಸಿದೆ.

ಪರೀಕ್ಷೆಯನ್ನು ನಿಟ್ಟುವಳ್ಳಿಯ ಮನೆಯಲ್ಲಿಯೇ ಬರೆದೆ. ಮೇಜಿನ ಮೇಲೆ ಕಂಪ್ಯೂಟರ್ ಬಿಟ್ಟು ಬೇರೇನೂ ಇರಬಾರದು; ಸಂಶಯಕ್ಕೆ ಎಡೆಯಾಗದಿರಲೆಂದು ಗೋಡೆಯ ಕ್ಯಾಲೆಂಡರನ್ನೂ ಇಳಿಸಿದ್ದೆ. ಇಂಗ್ಲಿಷ್ ಪ್ರಶ್ನೆಯನ್ನು ಕನ್ನಡದಲ್ಲಿ ಗೊಣಗಿಕೊಂಡು ಅರ್ಥಮಾಡಿಕೊಳ್ಳುವುದು ನನ್ನ ಅಭ್ಯಾಸ. ಹತ್ತನೆಯ ಪ್ರಶ್ನೆಯ ಹೊತ್ತಿಗೆ, ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಿದ್ದ ಮೇಲ್ವಿಚಾರಕರಿಂದ, ತುಟಿ ಅಲ್ಲಾಡಿಸಬೇಡಿ ಎಂಬ ಸಂದೇಶ ಪರದೆಯ ಮೇಲೆ ಬಂತು. ಉಳಿದ ಐವತ್ತೈದನ್ನು ಬಾಯಿ ಬಿಗಿಹಿಡಿದು ಓದಿದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ 30 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಆದರೆ ಅದನ್ನು ದಿನಾಂಕ ಕಾಯ್ದಿರಿಸುವ ಮೊದಲೇ ಕೇಳಿಕೊಳ್ಳಬೇಕು. ನನಗೆ ಇದು ತಿಳಿದದ್ದು ಪರೀಕ್ಷೆ ಮುಗಿದ ಮೇಲೆ.

ಪ್ರಮಾಣಪತ್ರಕ್ಕೆ ಮೂರು ವರ್ಷ ಮಾನ್ಯತೆ. ಅದು ಬಂದ ವಾರ ಕಚೇರಿಯ ಬಿಲ್ಲನ್ನು ಸಾಲುಸಾಲಾಗಿ ಓದಿದೆ. ಪ್ರಯೋಗಕ್ಕೆಂದು ತೆರೆದು ಎಂದೋ ನಿಲ್ಲಿಸಿದ್ದ ಸರ್ವರ್‌ನ ಡಿಸ್ಕ್ ಮಾತ್ರ ಹಾಗೆಯೇ ಉಳಿದು, ಪ್ರತಿ ತಿಂಗಳೂ ಬಾಡಿಗೆ ತಿನ್ನುತ್ತಿತ್ತು. ಅದರಲ್ಲಿ ಬೇಕಾದದ್ದೇನೂ ಇಲ್ಲವೆಂದು ಎರಡು ಸಲ ವಿಚಾರಿಸಿಕೊಂಡು, ಅಳಿಸಿಸಿದೆ.