ಅಪ್ಪನಿಗಾಗಿ ಒಂದು ಲಂಡನ್ ನಕ್ಷೆ

ಏಪ್ರಿಲ್ 12

ಅಪ್ಪನ ವೀಸಾ ಬಂತು. ಮೇ ಮೊದಲ ವಾರ ಬರುತ್ತಾರೆ, ಐದು ವಾರ ಇರುತ್ತಾರೆ. ಅವ್ವ ಹಸು ಬಿಟ್ಟು ಬರಲ್ಲ ಅಂದರು. ನಾನು ಲಂಡನ್ನಿಗೆ ಬಂದು ಒಂಬತ್ತು ವರ್ಷವಾಯಿತು. ಮನೆಯಿಂದ ಒಬ್ಬರು ಬರುತ್ತಿರುವುದು ಇದೇ ಮೊದಲು.

ಅಪ್ಪನಿಗೆ ಓದಲು ಬರುವುದು ಕನ್ನಡ ಮಾತ್ರ. ಇಲ್ಲಿ ಅಂಗಡಿಯಲ್ಲಿ ಸಿಗುವ ಒಂದು ನಕ್ಷೆಯೂ ಅವರ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ನಾನೇ ಒಂದು ಬರೆಯಬೇಕು ಅಂತ ಹೊರಟಿದ್ದೇನೆ. ಕೈಯಲ್ಲೇ, ಕನ್ನಡದಲ್ಲೇ. ಒಂದೇ ಹಾಳೆ. ಮಡಚಿದರೆ ಅಂಗಿ ಜೇಬಿಗೆ ಹೋಗಬೇಕು.

ತಂದಿಟ್ಟುಕೊಂಡ ಸಾಮಾನು: ಎ3 ಡ್ರಾಯಿಂಗ್ ಹಾಳೆ ಹತ್ತು, ಟ್ರೇಸಿಂಗ್ ಪೇಪರ್, ಕಪ್ಪು ಜೆಲ್ ಪೆನ್, ಹಳೇ ವಾಟರ್ ಕಲರ್ ಡಬ್ಬಿ.

ಏಪ್ರಿಲ್ 19

ಹೆಸರುಗಳಿಗೇ ಒಂದು ವಾರ ಹೋಯಿತು. ಊರಲ್ಲಿ ನಾವೆಲ್ಲ ಥೇಮ್ಸ್ ಅಂತ ಓದಿದವರು. ಇಲ್ಲಿಯವರ ಬಾಯಲ್ಲಿ ಅದು ಟೆಮ್ಸ್. ಹಾಗೆಯೇ ಗ್ರೆನಿಚ್, ಲೆಸ್ಟರ್, ಹೋಬನ್. ಅಪ್ಪ ದಾರಿ ತಪ್ಪಿ ಯಾರನ್ನಾದರೂ ಕೇಳಿದರೆ ಅವರಿಗೆ ಅರ್ಥವಾಗಬೇಕಲ್ವಾ? ಆದ್ದರಿಂದ ಕಿವಿಗೆ ಕೇಳಿಸಿದ ಹಾಗೇ ಬರೆದೆ. ಈ ಕೆಲಸಕ್ಕೆ ಕನ್ನಡದಷ್ಟು ಒಳ್ಳೆಯ ಅಕ್ಷರ ಇನ್ನೊಂದಿಲ್ಲ.

ದೂರದ ಅಳತೆ ಏನು ಮಾಡುವುದು ಅಂತ ಯೋಚಿಸುವಾಗ ಇಲ್ಲಿನ ಟ್ಯೂಬ್ ಅನ್ನುವ ನೆಲದಡಿಯ ರೈಲಿನ ನಕ್ಷೆಯನ್ನು ಮುಂದಿಟ್ಟುಕೊಂಡು ಕೂತೆ. 1933ರಲ್ಲಿ ಅಚ್ಚಾದ ಆ ನಕ್ಷೆಯನ್ನು ಮಾಡಿದವರು ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್. ರೈಲಿನಲ್ಲಿ ಕೂತವರಿಗೆ ಎಷ್ಟು ಮೈಲಿ ಅನ್ನುವುದು ಬೇಕಿಲ್ಲ, ಎಲ್ಲಿ ಇಳಿಯಬೇಕು ಅನ್ನುವುದು ಬೇಕು. ಹಾಗಂತ ದೂರವನ್ನೇ ಬಿಟ್ಟು ನೇರ ಗೆರೆಗಳಲ್ಲಿ ಬರೆದರು. ನೆಲದ ಮೇಲಿನದ್ದು ಅಂತ ಉಳಿಸಿಕೊಂಡದ್ದು ನದಿಯೊಂದನ್ನೇ. ನಾನೂ ಹಾಗೇ ಮಾಡುತ್ತೇನೆ. ಅಪ್ಪನಿಗೆ ಮಂಡಿ ನೋವು. ಮೈಲಿ ಬದಲು ಮೆಟ್ಟಿಲು ಎಷ್ಟು, ಕೂರಲು ಬೆಂಚು ಎಲ್ಲಿ, ಶೌಚಾಲಯ ಎಲ್ಲಿ, ಇಷ್ಟು ಹಾಕಿದರೆ ಸಾಕು.

ಮೇ 3

ಮೊದಲ ಹಾಳೆ ಮುಗಿಯಿತು. ನಡುವೆ ದೊಡ್ಡದಾಗಿ ಟಿಪ್ಪುವಿನ ಹುಲಿ, ಇಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಮರದ ಗೊಂಬೆ. ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕು, ಅದಕ್ಕೆ. ಸುತ್ತ ಬಿಗ್ ಬೆನ್, ಟವರ್ ಬ್ರಿಡ್ಜ್, ಲ್ಯಾಂಬೆತ್ ಸೇತುವೆ ಹತ್ತಿರದ ಬಸವಣ್ಣನವರ ಪ್ರತಿಮೆ. ಅದು 2015ರ ನವೆಂಬರಿನಲ್ಲಿ ಅನಾವರಣವಾದದ್ದು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ನನಗೂ ಇಷ್ಟವಾಯಿತು.

ಮೇ 9

ಅಪ್ಪ ಬಂದರು. ಚೀಲದಲ್ಲಿ ಅವ್ವ ಕಳಿಸಿದ ಹುರುಳಿಕಾಳು, ಬೆಲ್ಲ. ಎರಡು ದಿನ ಸುಧಾರಿಸಿಕೊಂಡ ಮೇಲೆ ಹುಲಿ ನೋಡಲು ಹೊರಟೆವು. ನಮ್ಮ ಈಸ್ಟ್ ಹ್ಯಾಮಿನಿಂದ ಡಿಸ್ಟ್ರಿಕ್ಟ್ ಲೈನ್ ಹತ್ತಿದರೆ ಸೌತ್ ಕೆನ್ಸಿಂಗ್ಟನ್‌ವರೆಗೆ ರೈಲು ಬದಲಾಯಿಸಬೇಕಾಗಿಲ್ಲ.

ಅದಕ್ಕೆ ಒಂದು ಸ್ಟೇಷನ್ ಮೊದಲು ಸ್ಲೋನ್ ಸ್ಕ್ವೇರ್ ಬರುತ್ತದೆ. ಅಲ್ಲಿ ಹಳಿಗಳ ಮೇಲೆ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ಕೊಳವೆ ಇದೆ. ಸುಮ್ನೆ ಮಾತಿಗೆ ಹೇಳಿದೆ: "ಅಪ್ಪ, ಆ ಕೊಳವೆ ಒಳಗೆ ಒಂದು ಹೊಳೆ ಹರೀತದೆ. ವೆಸ್ಟ್‌ಬೋರ್ನ್ ಅಂತ."

ಅಪ್ಪ ಎದ್ದು ನಿಂತರು. "ಹೊಳೆನಾ? ಕೊಳವೆ ಒಳಗಾ? ಇಳಿ ಮಗ."

ಇಳಿದೆವು. ಪ್ಲಾಟ್‌ಫಾರಂ ಮೇಲೆ ಆರು ರೈಲು ಹೋಗುವವರೆಗೆ ನಿಂತು ಆ ಕೊಳವೆ ನೋಡಿದರು. ಯಾವ ಕಡೆಯಿಂದ ಬರುತ್ತದೆ, ಎಲ್ಲಿಗೆ ಸೇರುತ್ತದೆ, ಮಳೆಗಾಲದಲ್ಲಿ ತುಂಬಿದರೆ ಏನು ಮಾಡುತ್ತಾರೆ, ಎಲ್ಲಾ ಕೇಳಿದರು. ಅರ್ಧಕ್ಕರ್ಧ ನನಗೆ ಗೊತ್ತಿರಲಿಲ್ಲ.

ಆಮೇಲೆ ಮ್ಯೂಸಿಯಂ. ಮರದ ಹುಲಿ, ಅದರ ಕೆಳಗೆ ಬಿದ್ದ ಬಿಳಿ ಸೈನಿಕ, ಹೊಟ್ಟೆಯೊಳಗೆ ಆರ್ಗನ್ ವಾದ್ಯ. 1799ರಲ್ಲಿ ಪಟ್ಟಣ ಬಿದ್ದಾಗ ಹೊತ್ತು ತಂದದ್ದು. ಅಪ್ಪ ಕೈಕಟ್ಟಿ ನಿಂತು ನೋಡಿದರು. "ನಮ್ಮೂರಿಂದು" ಅಂದರು. ಹೊರಗೆ ಬಂದ ಮೇಲೆ ಮತ್ತೆ ಕೊಳವೆಯ ಮಾತು.

ಅಪ್ಪ ಮೂವತ್ತೊಂದು ವರ್ಷ ವಿಶ್ವೇಶ್ವರಯ್ಯ ನಾಲೆಯ ನೀರುಗಂಟಿಯಾಗಿದ್ದವರು. ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಇದೇ ಅವರ ಬದುಕು. ಅಂಥವರಿಗೆ ನಾನು ಗೋಪುರಗಳ ನಕ್ಷೆ ಬರೆದಿದ್ದೆ. ರಾತ್ರಿ ಎರಡನೇ ಹಾಳೆ ತೆಗೆದೆ. ಇದರಲ್ಲಿ ಮೊದಲು ನೀರು, ಆಮೇಲೆ ಉಳಿದದ್ದು.

ಮೇ 13

ಮಳೆ ಬಂತು. ಅಪ್ಪನ ಜೇಬಿನಲ್ಲಿದ್ದ ಮೊದಲ ಹಾಳೆಯ ಶಾಯಿ ಪೂರ್ತಿ ಹರಡಿ ಹೋಯಿತು. ಜೆಲ್ ಪೆನ್ ಈ ಊರಿಗೆ ಆಗುವುದಿಲ್ಲ. ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯ ಪೆನ್ನು ತಂದೆ, ಎರಡು ಮೊನೆಯವು. ಮೊದಲು ಶಾಯಿ, ಅದು ಒಣಗಿದ ಮೇಲೆ ಬಣ್ಣ. ನಲ್ಲಿ ಕೆಳಗೆ ಒಂದು ತುಂಡು ಹಿಡಿದು ನೋಡಿದೆ, ಅಳಿಯಲಿಲ್ಲ.

ಇನ್ನೊಂದು ಬದಲಾವಣೆ. ರಸ್ತೆ ಬದಿಯಲ್ಲಿ ನಿಲ್ಲಿಸಿರುವ ನಡೆಯುವವರ ನಕ್ಷೆಗಳಲ್ಲಿ ಉತ್ತರ ಮೇಲೆ ಇರುವುದಿಲ್ಲ. ನಾವು ಯಾವ ಕಡೆ ಮುಖ ಮಾಡಿದ್ದೇವೋ ಅದೇ ಮೇಲೆ ಇರುತ್ತದೆ. ಅಪ್ಪನಿಗೆ ಅದು ತಕ್ಷಣ ಹಿಡಿಯಿತು. ಆದರೆ ಜೇಬಿನ ಹಾಳೆಗೆ ಹಾಗೆ ಮಾಡುವುದು ಹೇಗೆ? ಅವರೇ ಹೇಳಿದರು: "ನೀರು ಹರಿಯೋ ದಿಕ್ಕು ಹಾಕು, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ." ಎಲ್ಲ ಕಡೆ ಸಣ್ಣ ಬಾಣ ಹಾಕಿದೆ. ಮಾರನೇ ದಿನವೇ ಅದಕ್ಕೆ ತೊಡಕು ಬಂತು.

ಮೇ 17

ತೊಡಕು ಅಂದರೆ ಥೇಮ್ಸ್ ನದಿ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ಸಮುದ್ರದ ಉಬ್ಬರ ಊರಿನ ನಡುವಿನವರೆಗೂ ನುಗ್ಗುತ್ತದೆ. ಲಂಡನ್ ಬ್ರಿಡ್ಜ್ ಹತ್ತಿರ ಏರಿಳಿತ 7 ಮೀಟರ್‌ವರೆಗೂ ಆಗುತ್ತದೆ. ಅಪ್ಪನ ಲೆಕ್ಕದಲ್ಲಿ ಹೇಳಿದರೆ ಇಪ್ಪತ್ತಮೂರು ಅಡಿ.

"ಕನ್ನಂಬಾಡಿ ಕಟ್ಟೆ ತುಂಬಿದ್ರೆ 124.80 ಅಡಿ. ಅಲ್ಲಿ ಇಪ್ಪತ್ ಮೂರಡಿ ಇಳೀಬೇಕಾದ್ರೆ ತಿಂಗಳುಗಟ್ಲೆ ಬೇಕು ಕಣವ್ವ. ಇಲ್ಲಿ ಆರ್ ಗಂಟೇಲಾ?"

ತೋರಿಸಲೇಬೇಕು ಅಂತ ಉಬ್ಬರ ಇಳಿತದ ಪಟ್ಟಿ ನೋಡಿ ಹೊರಟೆ. ಸೌತ್ ಬ್ಯಾಂಕಿನಲ್ಲಿ ಗೇಬ್ರಿಯಲ್ಸ್ ವಾರ್ಫ್ ಮುಂದೆ ನೀರು ಇಳಿದಾಗ ಮರಳು ಕಾಣುತ್ತದೆ. ಪಟ್ಟಿಯಲ್ಲಿ 11.20ಕ್ಕೆ ಪೂರ್ತಿ ಇಳಿತ ಅಂತ ಇತ್ತು. ಹತ್ತು ನಿಮಿಷ ಮೊದಲೇ ಕಟಕಟೆ ಹಿಡಿದು ನಿಂತೆವು. ಮರಳು ಒಂದು ಚೂರು ಮಾತ್ರ ಕಂಡಿತು. 11.20 ಆಯಿತು. ಇಷ್ಟೇ ಅಪ್ಪ, ಇನ್ನು ಏರುತ್ತದೆ ಅಂದೆ.

ಅಪ್ಪ ಬಗ್ಗಿ ಗೋಡೆ ನೋಡಿದರು. "ಇಲ್ಲ ಮಗ, ಇನ್ನೂ ಇಳೀತಾ ಅದೆ. ನೀರಿನ ಮೇಲ್ಗಡೆ ಕಲ್ಲು ನೋಡು, ಹೊಸಾ ಒದ್ದೆ. ಏರ್ತಾ ಇದ್ರೆ ಒಣಗಿದ ಕಲ್ಲಿಗೆ ನೀರು ತಾಕ್ಬೇಕಿತ್ತು."

ಬೆಂಚಿನ ಮೇಲೆ ಕೂತು ಕಾದೆವು. ಮರಳು ಅಗಲವಾಗುತ್ತಾ ಹೋಯಿತು. ಮೊದಲು ಒಂದು ಚಾಪೆಯಷ್ಟು, ಆಮೇಲೆ ಒಂದು ಕಣದಷ್ಟು. ಮಕ್ಕಳು ಮೆಟ್ಟಿಲಿಳಿದು ಆಡಲು ಶುರು ಮಾಡಿದರು. ತೇಲುತ್ತಿದ್ದ ಒಂದು ಕೊಂಬೆಯನ್ನು ಅಪ್ಪ ಬಿಡದೆ ನೋಡುತ್ತಿದ್ದರು. ಅದು ನಿಧಾನವಾಯಿತು, ನಿಂತಿತು, ಸ್ವಲ್ಪ ಹೊತ್ತಿಗೆ ಬಂದ ದಾರಿಯಲ್ಲೇ ವಾಪಸ್ ಹೊರಟಿತು. ಗಡಿಯಾರದಲ್ಲಿ ಹನ್ನೆರಡೂವರೆ ಆಗುತ್ತಾ ಬಂದಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಹಾಳೆಯ ಬಾಣದ ಪಕ್ಕದಲ್ಲಿ ತಿರುಗುಬಾಣ ಹಾಕಿದರು.

ಮನೆಗೆ ಬಂದು ನೋಡಿದರೆ ಆ ಪಟ್ಟಿ ಗ್ರೆನಿಚ್ ಸಮಯದಲ್ಲಿತ್ತು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇರುತ್ತದೆ. ಯಾರಾದರೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರೆ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಇದನ್ನು ನೋಡಿಕೊಳ್ಳಿ. ದಿನಾ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಅದೂ ನೆನಪಿರಲಿ. ಮೂರನೇ ಹಾಳೆಯ ಅಂಚಿನಲ್ಲಿ ಅಪ್ಪನೇ ಒಂದು ಗೇಜು ಬರೆದರು, ನಾಲೆಯ ಕಲ್ಲಿನ ಮೇಲಿರುವ ಹಾಗೆ, ಅಡಿಗಳಲ್ಲಿ.

ಮೇ 24

ಕ್ಯಾಮ್ಡೆನ್. 1820ರಲ್ಲಿ ಪೂರ್ತಿಯಾದ ರೀಜೆಂಟ್ಸ್ ಕಾಲುವೆಯ ಮೇಲೆ ಇಲ್ಲಿ ಜೋಡಿ ಲಾಕ್‌ಗಳಿವೆ. ಲಾಕ್ ಅಂದರೆ ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಕೋಣೆ. ಎರಡೂ ಕಡೆ ಮರದ ಕದ, ಕದದ ಬುಡದಲ್ಲಿ ತೂಬು. ಹಿಡಿ ತಿರುಗಿಸಿ ತೂಬು ಎತ್ತಿದರೆ ನೀರು ಬರುತ್ತದೆ, ದೋಣಿ ಮೇಲೇರುತ್ತದೆ. ಎರಡೂ ಕಡೆ ನೀರು ಸಮ ಆದಾಗ ಮಾತ್ರ ಕದ ತೆರೆಯುತ್ತದೆ. ಇಂದಿಗೂ ಎಲ್ಲ ಕೈಯಲ್ಲೇ.

ಒಂದು ದೋಣಿಯಲ್ಲಿ ಗಂಡ ಹೆಂಡತಿ ಬಂದರು. ಹೆಂಗಸು ಇಳಿದು ಹಿಡಿ ತಿರುಗಿಸುತ್ತಿದ್ದರು. ಅಪ್ಪ ಹತ್ತಿರ ಹೋಗಿ ನಿಂತು ಸನ್ನೆಯಲ್ಲೇ ಇನ್ನೂ ಸ್ವಲ್ಪ ಎತ್ತಿ ಅಂದರು. ಆಕೆ ನಕ್ಕು ಹಿಡಿಯನ್ನೇ ಕೊಟ್ಟರು. ನಾನು ಮಂಡಿ ಮಂಡಿ ಅನ್ನುತ್ತಲೇ ಇದ್ದೆ. ಅಪ್ಪ ನಾಲ್ಕು ಸುತ್ತು ತಿರುಗಿಸಿ, ಕಿವಿಗೊಟ್ಟು ನೀರಿನ ಸದ್ದು ಕೇಳಿ, ಮತ್ತೆ ಎರಡು ಸುತ್ತು ತಿರುಗಿಸಿದರು. ನೀರು ಸಮ ಆದ ಮೇಲೆ ಕದದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಿದರು. ಅಷ್ಟು ದೊಡ್ಡ ಕದ ಮೆಲ್ಲಗೆ ಸರಿಯಿತು. ಅವರು ನಿವೃತ್ತರಾಗಿ ಎಂಟು ವರ್ಷ. ಕೈಗೆ ಏನೂ ಮರೆತಿರಲಿಲ್ಲ.

ಹಾಳೆಯ ಮೇಲೆ ಲಾಕ್ ಇರುವ ಕಡೆಯೆಲ್ಲ "ತೂಬು" ಅಂತಲೇ ಬರೆದೆ.

ಮೇ 30

ನ್ಯೂ ರಿವರ್. ಹೆಸರಿಗೆ ಹೊಸ ಹೊಳೆ. 1613ರಲ್ಲಿ ತೆರೆದದ್ದು, ಹೊಳೆಯೂ ಅಲ್ಲ. ಉತ್ತರದ ಹರ್ಟ್‌ಫರ್ಡ್‌ಶೈರಿನ ಬುಗ್ಗೆಗಳ ನೀರನ್ನು ಲಂಡನ್ನಿಗೆ ತರಲು ತೋಡಿದ ಕಾಲುವೆ. ಮೊದಲಿಗೆ ಸುಮಾರು 62 ಕಿಲೋಮೀಟರ್ ಉದ್ದವಿತ್ತು. ಮೈಲಿಗೆ ಸುಮಾರು ಐದು ಇಂಚು ಇಳಿಜಾರು, ಅಷ್ಟೇ. ಪಂಪಿಲ್ಲದೆ ನೀರು ತಾನಾಗಿ ಬರಬೇಕು ಅಂತ ಬೆಟ್ಟದ ಬದಿ ಹಿಡಿದು ಸುತ್ತಿ ಸುತ್ತಿ ತಂದಿದ್ದಾರೆ.

ವುಡ್‌ಬರಿ ವೆಟ್‌ಲ್ಯಾಂಡ್ಸ್ ಪಕ್ಕದಲ್ಲಿ ಅದರ ಏರಿಯ ಮೇಲೆ ನಡೆದೆವು. ಅಪ್ಪ ಒಂದು ಎಲೆ ಹಾಕಿ ಅದರ ಜೊತೆ ಹೆಜ್ಜೆ ಎಣಿಸಿದರು. ವೇಗ ನೋಡುವುದಕ್ಕೆ ಊರಲ್ಲಿ ಹೀಗೇ ಮಾಡುತ್ತಿದ್ದರು, ಚಿಕ್ಕವಳಿದ್ದಾಗ ನಾನೂ ಹಿಂದೆ ಓಡುತ್ತಿದ್ದೆ.

"ಇದು ನಾಲೆ ಕಣವ್ವ. ಕೊನೇ ಭಾಗಕ್ಕೆ ನೀರು ಮುಟ್ತದಾ?"

ಮುಟ್ಟುತ್ತದೆ ಅಪ್ಪ, ಇವತ್ತಿಗೂ ಈ ಊರಿನ ಕುಡಿಯುವ ನೀರಿಗೆ ಇದರ ನೀರು ಸೇರುತ್ತದೆ ಅಂದೆ. ನಾನೂರು ವರ್ಷ ಅಂತ ಅವರಷ್ಟಕ್ಕೇ ಹೇಳಿಕೊಂಡರು. ಮಂಡ್ಯದಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವಾಗ ಕೊನೇ ಭಾಗದ ರೈತರು ರಾತ್ರಿ ಟಾರ್ಚ್ ಹಿಡಿದು ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು. ಅಪ್ಪ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಆ ಪ್ರಶ್ನೆ ಅವರಿಗೆ ಯಾಕೆ ಬಂತು ಅಂತ ನನಗೆ ಗೊತ್ತು.

ವಾಪಸ್ ಬರುವಾಗ ಕ್ಲರ್ಕನ್‌ವೆಲ್‌ನ ರೇ ಸ್ಟ್ರೀಟಿನಲ್ಲಿ ರಸ್ತೆಯ ಒಂದು ಕಬ್ಬಿಣದ ಜಾಲರಿ ಮುಂದೆ ನಿಂತೆವು. ಕೆಳಗೆ ಫ್ಲೀಟ್ ಎಂಬ ಹೊಳೆ ಹರಿಯುತ್ತದೆ, ಈಗ ಚರಂಡಿಯ ಜಾಲದೊಳಗೆ. ಸದ್ದು ಚೆನ್ನಾಗಿ ಕೇಳಿಸುತ್ತದೆ. ಅಪ್ಪ ಬೇಜಾರು ಮಾಡಿಕೊಂಡರು. ಅದನ್ನು ನಕ್ಷೆಯಲ್ಲಿ ಚುಕ್ಕಿ ಗೆರೆಯಲ್ಲಿ ಹಾಕಿದ್ದೇನೆ.

ಜೂನ್ 5

ಥೇಮ್ಸ್ ಬ್ಯಾರಿಯರ್, ನದಿಗೆ ಅಡ್ಡಲಾಗಿ ಕಟ್ಟಿದ ಗೇಟುಗಳ ಸಾಲು. ಪಾಂಟೂನ್ ಡಾಕ್ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ, ಪಕ್ಕದಲ್ಲೇ ಪಾರ್ಕು. 1953ರಲ್ಲಿ ಸಮುದ್ರ ನುಗ್ಗಿ ಇಂಗ್ಲೆಂಡಿನಲ್ಲಿ ಮುನ್ನೂರಕ್ಕೂ ಜಾಸ್ತಿ ಜನ ಸತ್ತ ಮೇಲೆ ಕಟ್ಟಲು ಹೊರಟದ್ದು, 1984ರಲ್ಲಿ ಉದ್ಘಾಟನೆ. ಹತ್ತು ಗೇಟು, 520 ಮೀಟರ್ ಅಗಲ. ದೊಡ್ಡ ಗೇಟುಗಳು ನದಿಯ ತಳದಲ್ಲಿ ಮಲಗಿರುತ್ತವೆ, ಹಡಗು ಮೇಲೆ ಹೋಗುತ್ತದೆ. ಬೇಕಾದಾಗ ತಿರುಗಿ ಎದ್ದು ನಿಲ್ಲುತ್ತವೆ. ಕಟ್ಟೆ ಗೇಟು ನೀರು ಹಿಡಿದಿಡುವುದಕ್ಕೆ, ಇದು ನೀರು ಬರದ ಹಾಗೆ ತಡೆಯುವುದಕ್ಕೆ ಅಂತ ಅಪ್ಪ ಫೋನಿನಲ್ಲಿ ಅವ್ವನಿಗೆ ವಿವರಿಸಿದರು. ಅರ್ಧ ಗಂಟೆ.

ಜೂನ್ 12

ಅಪ್ಪ ಮೊನ್ನೆ ಹೊರಟರು. ನಾಲ್ಕನೇ ಹಾಳೆ ಮುಗಿಸಿ ಕೊಟ್ಟು ಕಳಿಸಿದೆ. ಬಣ್ಣ ಒಣಗಲು ರಾತ್ರಿಯೆಲ್ಲ ಬಿಟ್ಟಿದ್ದೆ. ಪಿಗ್ಮೆಂಟ್ ಶಾಯಿ ಎರಡು ಮಳೆ ತಡೆಯಿತು. ಮಡಿಕೆಯ ಗೆರೆಗಳ ಹಿಂದೆ ತೆಳು ಬಟ್ಟೆಯ ಪಟ್ಟಿ ಅಂಟಿಸಿದ್ದರಿಂದ ಹರಿಯಲಿಲ್ಲ.

ನನ್ನ ಹತ್ತಿರ ಉಳಿದಿರುವುದು ಮೂರನೆಯದು, ಅಪ್ಪನ ಪೆನ್ಸಿಲ್ ಗುರುತು ಇರುವುದು. ಅದರ ಎಡ ತುದಿಯಲ್ಲಿ ಟೆಡಿಂಗ್ಟನ್ ಖಾಲಿ ಬಿಟ್ಟಿದೆ. ಉಬ್ಬರ ಬಂದು ನಿಲ್ಲುವುದು ಅಲ್ಲಿನ ಕಟ್ಟೆಗೆ. ಹೋಗಲು ಆಗಲಿಲ್ಲ. ಅಪ್ಪ ಪಕ್ಕದಲ್ಲಿ ಬರೆದಿಟ್ಟಿದ್ದಾರೆ: "ಕೆಳಗಡೆ ಗೋಡೆ ಎಷ್ಟಡಿ ಒದ್ದೆ, ನೋಡಿ ಹೇಳು."

ನಾಳೆ ರಜೆ. ಟೇಪು, ಪೆನ್ಸಿಲ್ ಚೀಲಕ್ಕೆ ಹಾಕಿದ್ದೇನೆ. ಇಳಿತದ ಹೊತ್ತನ್ನು ಒಂದು ಗಂಟೆ ಸೇರಿಸಿಯೇ ಬರೆದುಕೊಂಡಿದ್ದೇನೆ.